ಸಾಕುಮೊಲ: ಆಯ್ಕೆಯೂ ಪೂರ್ವಸಿದ್ಧತೆಯೂ

ಮಕ್ಕಳ ಸಂತೋಷಕ್ಕಾಗಿ ಮೊಲವನ್ನು ಸಾಕುವ ಅಭಿಲಾಷೆಯು ಗ್ರಾಮಗಳಲ್ಲಿಯೂ ಉಂಟು. ಆದರೆ ಮೊಲವನ್ನು ಮೊದಲು ಕೊಂಡುತಂದು, ಆಮೇಲೆ ಅದಕ್ಕೆ ಸ್ಥಳವನ್ನು ಹುಡುಕುವವರೇ ಹೆಚ್ಚು. ಇಂತಹ ಮೊಲಗಳಲ್ಲಿ ಎಷ್ಟೋ ಮೊದಲ ಬೇಸಗೆಯಲ್ಲಿಯೇ ಸಾಯುವುವು. ಚೆನ್ನಾಗಿ ಸಾಕಿದರೆ ಮೊಲವು 8ರಿಂದ 10 ವರ್ಷ ಬದುಕಬಲ್ಲದು. ಆದುದರಿಂದ ಗೂಡು ಮೊದಲು, ಮೊಲ ಆಮೇಲೆ.

1. ಕಾಡುಮೊಲ ಬೇಡ.—ಹೊಲದ ಬದುಗಳಲ್ಲಿ ಸಿಕ್ಕುವ ಕಾಡುಮೊಲವು ಸಾಕುಮೊಲದ ಜಾತಿಯದಲ್ಲ. ಅದರ ಮರಿಯು ಹುಟ್ಟುವಾಗಲೇ ಕೂದಲುಳ್ಳದ್ದಾಗಿ ಕಣ್ಣು ತೆರೆದಿರುವುದು. ಸಾಕುಮೊಲದ ಮರಿಗೆ ಕೂದಲೂ ಇಲ್ಲ, ದೃಷ್ಟಿಯೂ ಇಲ್ಲ. ಕಾಡುಮೊಲವನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಗ್ರಾಮದ ಮುಖಂಡರು ಇದನ್ನು ಎಲ್ಲರಿಗೂ ತಿಳಿಯಹೇಳತಕ್ಕದ್ದು.

2. ಗೂಡು.—ಮೊಲಕ್ಕೆ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿಯಿಲ್ಲ. ಬಹುಮಟ್ಟಿಗೆ ಕಿವಿಗಳ ಮೂಲಕವೇ ಶಾಖವು ಹೊರಹೋಗಬೇಕು. ಉಷ್ಣತೆಯು 30 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಅದಕ್ಕೆ ಅಪಾಯ. ಬಯಲುಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ 35 ಡಿಗ್ರಿ ಮೀರುವುದು ಸಾಮಾನ್ಯ. ಆದುದರಿಂದ ಗೂಡನ್ನು ಮರದ ನೆರಳಿನಲ್ಲಿ ಗಾಳಿಯಾಡುವ ಕಡೆ ಇಡತಕ್ಕದ್ದು. ಮೇಲ್ಛಾವಣಿಗೆ ಬರಿಯ ತಗಡು ಕೂಡದು. ತೆಂಗಿನ ಗರಿ ಅಥವಾ ಹುಲ್ಲಿನ ಹೊದಿಕೆ ಲೇಸು. ಮಧ್ಯಾಹ್ನದಲ್ಲಿ ಒದ್ದೆಯ ಗೋಣಿತಾಟನ್ನು ಬಿಸಿಗಾಳಿಯ ಕಡೆಗೆ ತೂಗಹಾಕಬಹುದು. ನಾಯಿ, ಬೆಕ್ಕು, ಮುಂಗುಸಿಗಳ ಭಯವಿರುವುದರಿಂದ ಗೂಡು ನೆಲದಿಂದ 3 ಅಡಿ ಎತ್ತರದಲ್ಲಿರಲಿ. ಗಟ್ಟಿಯಾದ ಸಣ್ಣಕಣ್ಣಿನ ತಂತಿಜಾಲರಿಯಿಂದ ಅದನ್ನು ಭದ್ರಪಡಿಸಬೇಕು. ತಳವೂ ಜಾಲರಿಯಾದರೆ ಪಾದಗಳು ಹುಣ್ಣಾಗುವುವು. ಹಲಗೆಯ ಮೇಲೆ ಒಣಹುಲ್ಲನ್ನು ಹರಡತಕ್ಕದ್ದು. ದಿನವೂ ಕೆಲವು ಘಂಟೆಗಳ ಕಾಲ, ಕಾವಲಿನೊಡನೆ, ಅಂಗಳದಲ್ಲಿ ಕುಪ್ಪಳಿಸಲು ಬಿಡುವುದು ಅವಶ್ಯಕ.

3. ಆಯ್ಕೆ.—8 ವಾರ ತುಂಬದ ಮರಿಯನ್ನು ಕೊಳ್ಳಕೂಡದು. ಕಣ್ಣು ಹೊಳೆಯುತ್ತಿರಬೇಕು, ಮೂಗೂ ಬಾಲದ ಕೆಳಭಾಗವೂ ಒಣಗಿ ಶುಚಿಯಾಗಿರಬೇಕು. ಮುಂಗಾಲುಗಳ ಒಳಮೈ ಕೂದಲು ಅಂಟಿಕೊಂಡಿದ್ದರೆ, ಸೋರುವ ಮೂಗನ್ನು ಅದು ಒರೆಸಿಕೊಂಡಿದೆಯೆಂದು ತಿಳಿಯಬೇಕು. ಹಲ್ಲುಗಳು ಜೀವಮಾನವೆಲ್ಲ ಬೆಳೆಯುವುದರಿಂದ ಅವು ಸರಿಯಾಗಿ ಕೂಡುವುವೇ ಎಂದು ನೋಡತಕ್ಕದ್ದು. ಮೊಲವು ಒಂಟಿತನವನ್ನು ಸಹಿಸದು. ಒಂದೇ ಸೂಲಿನ ಎರಡು ಹೆಣ್ಣುಮರಿಗಳು ಉತ್ತಮ. ಗಂಡು ಹೆಣ್ಣುಗಳನ್ನು ಕೂಡಿಸಿದರೆ ಸುಮಾರು 31 ದಿನಗಳಲ್ಲಿಯೇ ಮರಿಗಳಾಗುವುವು.

4. ಆಹಾರ.—ಒಣಹುಲ್ಲೂ ಗರಿಕೆಯೂ ಮುಖ್ಯಾಹಾರ. ಶುದ್ಧವಾದ ನೀರು ಸದಾ ಇರಬೇಕು. ಗಜ್ಜರಿಯನ್ನು ಸ್ವಲ್ಪವೇ ಕೊಡತಕ್ಕದ್ದು. ಅನ್ನ, ಬೆಲ್ಲ, ಆಲೂಗೆಡ್ಡೆ ಹಾಗೂ ಟೊಮೇಟೋ ಗಿಡದ ಎಲೆಗಳು, ಔಷಧಿ ಸಿಂಪಡಿಸಿದ ಹೊಲದ ಸೊಪ್ಪು ಕೂಡದು.

5. ಎಚ್ಚರಿಕೆ.—ಕಿವಿ ಹಿಡಿದೆತ್ತುವುದು ಕ್ರೌರ್ಯ. ಒಂದು ಕೈಯಿಂದ ಎದೆಯನ್ನೂ ಮತ್ತೊಂದರಿಂದ ಹಿಂಭಾಗವನ್ನೂ ಆನಿಸಿ ಎತ್ತಬೇಕು. ಇಲ್ಲವಾದರೆ ಒದ್ದಾಟದಲ್ಲಿ ಬೆನ್ನೆಲುಬು ಮುರಿಯಬಹುದು. ಮೊಲವು ತನ್ನ ರೋಗವನ್ನು ತೋರಗೊಡದು. ಅರ್ಧ ದಿನ ಮೇವು ಮುಟ್ಟದಿದ್ದರೆ, ನಾಳೆ ನೋಡೋಣವೆನ್ನದೆ ಕೂಡಲೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.