ಸ್ಪ್ಯಾನಿಷ್ ಭಾಷೆಯ ಭೂತಕಾಲ

ಪರಭಾಷೆಯನ್ನು ಕಲಿಯಹೊರಟವನಿಗೆ ನಾಮಪದಗಳು ಬೇಗ ಕೈವಶವಾಗುತ್ತವೆ. ಕ್ರಿಯಾಪದಗಳು ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ಆದರೆ ಸ್ಪ್ಯಾನಿಷ್ ಭಾಷೆಯ ನಿಯತ ಕ್ರಿಯಾಪದಗಳ ಭೂತಕಾಲವನ್ನು ಅಭ್ಯಾಸ ಮಾಡುವಾಗ, ಕನ್ನಡಿಗನು ಇಲ್ಲಿ ಅಂಜಬೇಕಾದುದಿಲ್ಲವೆಂದು ನನಗೆ ತೋರಿತು. ಅದನ್ನೇ ವಾಚಕ ಮಿತ್ರರ ಮುಂದಿಡುತ್ತೇನೆ.

ಸ್ಪ್ಯಾನಿಷ್ ಕ್ರಿಯಾಪದಗಳ ಮೂಲರೂಪವು ಆರ್, ಏರ್, ಈರ್ ಎಂಬ ಮೂರು ಬಗೆಯಲ್ಲಿ ಮುಗಿಯುತ್ತದೆ. ಅಬ್ಲಾರ್ ಎಂದರೆ ಮಾತನಾಡುವುದು, ಕೊಮೇರ್ ಎಂದರೆ ತಿನ್ನುವುದು, ಬಿಬೀರ್ ಎಂದರೆ ಬಾಳುವುದು. ಈ ಕೊನೆಯನ್ನು ಕಳೆದು, ಉಳಿದುದಕ್ಕೆ ಪ್ರತ್ಯಯ ಹಚ್ಚಬೇಕು. ಒತ್ತು ಬೀಳುವ ಸ್ವರವನ್ನು ಇಲ್ಲಿ ದೀರ್ಘವಾಗಿ ಬರೆದಿದ್ದೇನೆ.

ಮೊದಲನೆಯ ಗಣ: ಅಬ್ಲೇ (ಮಾತನಾಡಿದೆನು), ಅಬ್ಲಾಸ್ತೆ (ಮಾತನಾಡಿದೆ), ಅಬ್ಲೋ (ಮಾತನಾಡಿದನು, ಮಾತನಾಡಿದಳು), ಅಬ್ಲಾಮೊಸ್ (ಮಾತನಾಡಿದೆವು), ಅಬ್ಲಾಸ್ತೆಯ್ಸ್ (ಮಾತನಾಡಿದಿರಿ), ಅಬ್ಲಾರೊನ್ (ಮಾತನಾಡಿದರು).

ಎರಡನೆಯ ಗಣ: ಕೊಮೀ, ಕೊಮೀಸ್ತೆ, ಕೊಮಿಯೋ, ಕೊಮೀಮೊಸ್, ಕೊಮೀಸ್ತೆಯ್ಸ್, ಕೊಮಿಯೇರೊನ್.

ಮೂರನೆಯ ಗಣಕ್ಕೂ ಇವೇ ಪ್ರತ್ಯಯಗಳು: ಬಿಬೀ, ಬಿಬೀಸ್ತೆ, ಬಿಬಿಯೋ ಇತ್ಯಾದಿ. ಆದ್ದರಿಂದ ಮೂರು ಗಣಗಳಿಗೂ ಕೂಡಿ 12 ಪ್ರತ್ಯಯಗಳನ್ನು ಕಲಿತರೆ ಸಾಕು. ಲ್ಯಾಟಿನ್ ಅಮೆರಿಕದಲ್ಲಿ ಮಧ್ಯಮಪುರುಷ ಬಹುವಚನದ ರೂಪ ಬಳಕೆಯಲ್ಲಿಲ್ಲ. ಪ್ರಥಮಪುರುಷ ಬಹುವಚನವೇ ಆ ಕೆಲಸ ಮಾಡುತ್ತದೆ.

ಕನ್ನಡದಲ್ಲಿ ‘ಮಾಡಿದೆನು’ ಎಂದರೆ ‘ನಾನು’ ಎಂಬುದು ಬೇಕಿಲ್ಲ. ಸ್ಪ್ಯಾನಿಷ್‌ನಲ್ಲಿಯೂ ಹಾಗೆಯೇ, ಕರ್ತೃವನ್ನು ಪ್ರತ್ಯಯವೇ ಹೇಳುತ್ತದೆ. ಆದರೆ ನಮ್ಮಲ್ಲಿ ಕಾಲಸೂಚಕ ದಕಾರವು ಬೇರೆ, ಪುರುಷಸೂಚಕ ‘ಎನು’ ಬೇರೆ. ಅಲ್ಲಿ ಎರಡೂ ಒಂದೇ ಸ್ವರದಲ್ಲಿ ಬೆರೆತಿವೆ. ನಮ್ಮ ‘ಅನು’, ‘ಅಳು’ ಎಂಬ ಲಿಂಗಭೇದವೂ ಅಲ್ಲಿನ ಕ್ರಿಯಾಪದಕ್ಕಿಲ್ಲ.

ಈ ಬೆರಕೆಯ ಮೂಲ ಲ್ಯಾಟಿನ್‌ನಲ್ಲಿದೆ. ‘ಪ್ರೀತಿಸಿದೆನು’ ಎಂಬರ್ಥದ ಅಮಾವಿ ಕಾಲಕ್ರಮದಲ್ಲಿ ಸವೆದು ಅಮೇ ಆಯಿತು. ‘ಪ್ರೀತಿಸಿದನು’ ಎಂಬರ್ಥದ ಅಮಾವಿತ್ ಸವೆದು ಅಮೋ ಆಯಿತು. ಒತ್ತು ಮಾತ್ರ ಕದಲದೆ ಉಳಿದು, ಈಗ ಪದದ ತುದಿಯಲ್ಲಿ ನಿಂತಿದೆ.

ಈ ಒತ್ತನ್ನು ಅಲ್ಪವೆಂದೆಣಿಸಬಾರದು. ಪಾಗೊ ಎಂದರೆ ‘ಹಣ ಕೊಡುತ್ತೇನೆ’. ಪಗೋ ಎಂದರೆ ‘ಹಣ ಕೊಟ್ಟನು’. ಬರೆಹದಲ್ಲಿ ಇವೆರಡರ ಅಂತರ ಕೊನೆಯ ಅಕ್ಷರದ ಮೇಲಿನ ಒಂದು ಚಿಕ್ಕ ಗೀಟು ಮಾತ್ರ. ಅದು ಬಿಟ್ಟುಹೋದರೆ ಕಾಲವೂ ಕೆಟ್ಟಿತು, ಕರ್ತೃವೂ ಕೆಟ್ಟಿತು. ಬೇರೊಬ್ಬನು ತೀರಿಸಿದ ಸಾಲ ನಮ್ಮ ತಲೆಗೆ ಬರುತ್ತದೆ!

ಇನ್ನೊಂದು ಎಚ್ಚರಿಕೆ. ಅಬ್ಲಾಮೊಸ್, ಬಿಬೀಮೊಸ್ ಎಂಬ ರೂಪಗಳು ವರ್ತಮಾನಕ್ಕೂ ಭೂತಕ್ಕೂ ಸಮಾನ. ಅಲ್ಲಿ ಅಯೇರ್, ಅಂದರೆ ‘ನಿನ್ನೆ’, ಎಂಬಂತಹ ಪದವೋ ಸಂದರ್ಭವೋ ಅರ್ಥವನ್ನು ನಿರ್ಣಯಿಸಬೇಕು. ಕೊಮೇರ್‌ಗೆ ಈ ತೊಡಕಿಲ್ಲ: ಕೊಮೇಮೊಸ್ ವರ್ತಮಾನ, ಕೊಮೀಮೊಸ್ ಭೂತ. ಮೇಲಿನ ರೂಪಗಳೆಲ್ಲ ಮುಗಿದ ಕ್ರಿಯೆಗೆ ಸಲ್ಲುತ್ತವೆ. ‘ಮಾತನಾಡುತ್ತಿದ್ದೆನು’ ಎನ್ನಲು ಅಬ್ಲಾಬ ಎಂಬ ಬೇರೆ ರೂಪವುಂಟು.

ಈ ಪ್ರತ್ಯಯಗಳನ್ನು ಕಣ್ಣಿನಿಂದ ಓದಿದರೆ ಸಾಲದು. ಬಾಯಿಬಿಟ್ಟು, ಒತ್ತನ್ನು ಕಾಯ್ದುಕೊಂಡು ಹೇಳಬೇಕು. ನಾಲಿಗೆ ಪಳಗಿದರೆ ಲೇಖನಿಯೂ ತಪ್ಪುವುದಿಲ್ಲ.