ಕುದುರೆ ಹಂಚಿಕೊಂಡರೆ ಮಾವನಿಂದ ಎಷ್ಟು ತಗೋಬೇಕು?

ಎಂಟನೆಯ ತರಗತಿಯಲ್ಲಿ ಅನುಪಾತದ ಪಾಠ ಮುಗಿಸಿ ಹೊರಟಿದ್ದೆ. ಒಬ್ಬ ಹುಡುಗಿ ಹಿಂದೆಯೇ ಬಂದಳು. "ಸರ್, ನಮ್ಮ ಮನ್ಯಾಗ ಒಂದು ಹೆಣ್ಣು ಕುದುರಿ ಐತ್ರಿ. ವಾರದಾಗ ನಾಕು ದಿನ ಅಪ್ಪ ಗಾಡಿ ಹೂಡ್ತಾನ್ರಿ. ಎರಡು ದಿನ ನನಗ ಕೊಡ್ರಿ, ರೊಕ್ಕ ಕೊಡ್ತೀನಿ ಅಂತ ಸೋದರಮಾವ ಕೇಳ್ಯಾನ್ರಿ. ಖರ್ಚಿನಾಗ ಅರ್ಧಾ ಕೊಡ್ಲಿ ಅಂತಾನ ಅಪ್ಪ. ಬೀಗರ ಕಡಿಂದ ಅಷ್ಟು ತಗೋಬಾರ್ದು, ಆ ದಿನದ ಮೇವಿನ ರೊಕ್ಕ ಸಾಕು ಅಂತಾನ ಅಜ್ಜ. ಅವ್ವ ಏನೂ ಅನ್ನವಲ್ಲಳ್ರಿ."

ಅವ್ವ ಏನು ಅನ್ನಬೇಕು? ಒಂದು ಕಡೆ ಗಂಡ, ಇನ್ನೊಂದು ಕಡೆ ತಮ್ಮ. ಮರುದಿನ ಇದೇ ಪ್ರಶ್ನೆಯನ್ನು ಇಡೀ ತರಗತಿಗೆ ಹಾಕಿದೆ. ಈಗ ನಿಮಗೂ ಹಾಕುತ್ತಿದ್ದೇನೆ. ಪೆನ್ನು, ಕಾಗದ ತಗೊಂಡು ಕೂಡ್ರಿ. ಇದರಲ್ಲಿ ಗಣಿತ ಸ್ವಲ್ಪ, ಜೀವಶಾಸ್ತ್ರ ಜಾಸ್ತಿ.

ಮೊದಲು ಒಂದು ಮಾತು. ಸೈಕಲ್ಲನ್ನು ಬಾಡಿಗೆಗೆ ಕೊಟ್ಟರೆ ಲೆಕ್ಕ ಸುಲಭ. ಓಡದೆ ನಿಂತ ದಿನ ಸೈಕಲ್ ಏನನ್ನೂ ತಿನ್ನುವುದಿಲ್ಲ. ಕುದುರೆ ಹಾಗಲ್ಲ. ಕಟ್ಟಿಹಾಕಿದ ಕುದುರೆಯೂ ಉಸಿರಾಡುತ್ತದೆ, ಅದರ ಹೃದಯ ಬಡಿಯುತ್ತದೆ, ಮೈ ಬೆಚ್ಚಗಿರುತ್ತದೆ. ಇದಕ್ಕೆಲ್ಲ ಶಕ್ತಿ ಬೇಕು, ಶಕ್ತಿಗೆ ಮೇವು ಬೇಕು. ಅಜ್ಜನ ಲೆಕ್ಕ ತಪ್ಪುವುದು ಇಲ್ಲಿಯೇ. "ಆ ದಿನದ ಮೇವು" ಎಂದಾಗ ಅವರು ಉಳಿದ ದಿನಗಳನ್ನು ಮರೆತುಬಿಡುತ್ತಾರೆ. ಮಾವನಿಗೆ ಶುಕ್ರವಾರ ಕುದುರೆ ಸಿಗಬೇಕಾದರೆ ಗುರುವಾರವೂ ಅದು ಬದುಕಿರಬೇಕಲ್ಲ!

ಹಾಗಾದರೆ ಸುಮ್ಮನೆ ನಿಂತ ಕುದುರೆಗೆ ಎಷ್ಟು ಬೇಕು? ತನ್ನ ತೂಕದ ಸುಮಾರು ಶೇಕಡಾ 2ರಷ್ಟು ಒಣ ಪದಾರ್ಥ ದಿನಕ್ಕೆ ಬೇಕಾಗುತ್ತದೆ. ಒಣ ಪದಾರ್ಥ ಅಂದರೆ ಮೇವಿನೊಳಗಿನ ನೀರನ್ನು ತೆಗೆದರೆ ಉಳಿಯುವುದು. ಈ ಕುದುರೆ 350 ಕಿಲೋ ಇದೆ ಎಂದು ಹಿಡಿಯೋಣ, ಆಗ ಬೇಕಾದದ್ದು 7 ಕಿಲೋ. ಒಣಮೇವಿನಲ್ಲಿ ನೀರು ಶೇಕಡಾ 10 ಮಾತ್ರ. ಹಸಿಮೇವಿನಲ್ಲಿ ಶೇಕಡಾ 80ರ ಹತ್ತಿರ ನೀರೇ! ಬರೀ ಹಸಿ ಹಾಕಿದರೆ 35 ಕಿಲೋ ಹೊರಬೇಕಾಗುತ್ತದೆ. ಆದ್ದರಿಂದ 5 ಕಿಲೋ ಒಣಮೇವು, 6 ಕಿಲೋ ಹಸಿ ಹುಲ್ಲು, ಒಂದೂವರೆ ಕಿಲೋ ಕಾಳು ಮತ್ತು ತೌಡು ಎಂದು ಇಟ್ಟುಕೊಳ್ಳೋಣ. ಒಣ ಪದಾರ್ಥ ಕೂಡಿಸಿ ನೋಡ್ರಿ: 4.5 + 1.2 + 1.35, ಹೆಚ್ಚುಕಡಿಮೆ 7 ಬಂತು. (ಎಳೆ ಜೋಳದ ಪೈರನ್ನು ಮಾತ್ರ ಯಾವ ದನಕ್ಕೂ ಕುದುರೆಗೂ ಹಾಕಬೇಡಿ. ಹೊಟ್ಟೆಯಲ್ಲಿ ಸಯನೈಡ್ ವಿಷ ಬಿಡುವ ವಸ್ತು ಅದರಲ್ಲಿದೆ.)

ಬೆಲೆಗಳು ಊರಿಂದ ಊರಿಗೆ ಬೇರೆ. ಇಲ್ಲಿ ಲೆಕ್ಕಕ್ಕಾಗಿ ಒಣಮೇವು ಕಿಲೋಕ್ಕೆ 10 ರೂಪಾಯಿ, ಹಸಿ ಹುಲ್ಲು 4, ಕಾಳು 36 ಎಂದು ಹಿಡಿದಿದ್ದೇನೆ. ದಿನಕ್ಕೆ 128 ರೂಪಾಯಿ, ತಿಂಗಳಿಗೆ 3,840.

ಮೇವು ಮುಗಿಯಿತು, ಇನ್ನು ಗೊರಸು. ಗೊರಸು ನಮ್ಮ ಉಗುರಿನ ಹಾಗೆಯೇ. ಕೆರಾಟಿನ್ ಎಂಬ ಅದೇ ಪ್ರೋಟೀನಿನದು, ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಕುದುರೆ ದುಡಿಯಲಿ ಬಿಡಲಿ, ಆರೇಳು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ ಮತ್ತೆ ಕಟ್ಟಲೇಬೇಕು. 42 ದಿನಕ್ಕೆ 840 ರೂಪಾಯಿ ಎಂದರೆ ತಿಂಗಳಿಗೆ 600. ಜಂತುಹುಳದ ಔಷಧ, ಲಸಿಕೆ, ಲಗಾಮು ರಿಪೇರಿ ಸೇರಿ ತಿಂಗಳಿಗೆ 460.

ಇಲ್ಲಿಗೆ 4,900 ಆಯಿತು. ಅಪ್ಪ ಹೇಳಿದ "ಖರ್ಚು" ಇಷ್ಟೇ. ಅದರ ಅರ್ಧ 2,450. ತರಗತಿಯಲ್ಲಿ ಬಹಳ ಜನ ಕೈ ಎತ್ತಿದರು: "ಎರಡು ದಿನಕ್ಕ ಅರ್ಧಾ ಅಂದ್ರ ಅನ್ಯಾಯ ಸರ್!" ಸ್ವಲ್ಪ ತಡೀರಿ.

ಅಪ್ಪ ಎರಡು ಸಂಗತಿ ಬಿಟ್ಟಿದ್ದಾರೆ. ಒಂದು, ಕುದುರೆಗೆ ವಯಸ್ಸಾಗುತ್ತದೆ. ಐದು ವರ್ಷದ ಕುದುರೆಯನ್ನು 90,000ಕ್ಕೆ ತಂದು, ಹತ್ತು ವರ್ಷ ದುಡಿಸಿ, ಕೊನೆಗೆ 30,000ಕ್ಕೆ ಮಾರಿದರು ಎಂದುಕೊಳ್ಳಿ. ನಡುವಿನ 60,000 ಎಲ್ಲಿ ಹೋಯಿತು? 120 ತಿಂಗಳಲ್ಲಿ, ತಿಂಗಳಿಗೆ 500ರಂತೆ ಸವೆಯಿತು. ಯಾರ ಕೈಯಿಂದಲೂ ನೋಟು ಹೋಗುವುದಿಲ್ಲ, ಅದಕ್ಕೇ ಯಾರಿಗೂ ಕಾಣುವುದಿಲ್ಲ.

ಎರಡನೆಯದು ಇನ್ನೂ ಕಾಣದ್ದು. ನಸುಕಿನಲ್ಲಿ ಲದ್ದಿ ಬಳಿಯುವವರು ಯಾರು? ನೀರು ಹೊರುವವರು ಯಾರು? ಬೇಸಿಗೆಯಲ್ಲಿ ಕುದುರೆ ದಿನಕ್ಕೆ 30 ಲೀಟರಿಗೂ ಹೆಚ್ಚು ಕುಡಿಯುತ್ತದೆ. ಎರಡು ಮೂರು ಕೊಡ ಹೊತ್ತು ತರಬೇಕು. ಕೇಳಿದಾಗ ಹುಡುಗಿ ಮೆಲ್ಲಗೆ "ಅವ್ವ ರೀ" ಅಂದಳು. ದಿನಕ್ಕೆ ಎರಡು ತಾಸು, ತಿಂಗಳಿಗೆ 60 ತಾಸು. ತಾಸಿಗೆ 40 ಹಿಡಿದರೂ 2,400 ರೂಪಾಯಿ! ಲಾಳ, ಔಷಧ ಎರಡೂ ಸೇರಿದ್ದಕ್ಕಿಂತ ಇದು ಎರಡು ಪಟ್ಟಿಗೂ ಹೆಚ್ಚು. ಇದನ್ನು ಲೆಕ್ಕದಿಂದ ಬಿಡುವುದಕ್ಕೆ ನನಗೆ ಒಂದು ಕಾರಣವೂ ಸಿಗಲಿಲ್ಲ.

ಎಲ್ಲ ಸೇರಿ 4,900 + 500 + 2,400 = 7,800. ಕುದುರೆ ಸುಮ್ಮನೆ ನಿಂತರೂ ಆಗುವ ಖರ್ಚು ಇದು.

ಮಾವನ ಪಾಲು ಎಷ್ಟು? ವಾರಕ್ಕೆ ಏಳು ದಿನ, ಅದರಲ್ಲಿ ಎರಡು ಅವರದು, ಆದ್ದರಿಂದ ಏಳರಲ್ಲಿ ಎರಡು ಪಾಲು ಎಂದು ಮುಂದಿನ ಬೆಂಚಿನವರು ಬರೆದರು. 2,229 ಬಂತು. ತಪ್ಪು! ಸೋಮವಾರ ಬಸವಣ್ಣನ ದಿನವೆಂದು ನಮ್ಮ ಕಡೆ ಎತ್ತು ಹೂಡುವುದಿಲ್ಲವಲ್ಲ, ಆ ಮನೆಯಲ್ಲಿ ಕುದುರೆಗೂ ಅದೇ ರಜೆ. ದುಡಿಯುವುದು ಆರೇ ದಿನ. ಸೋಮವಾರದ ವಿಶ್ರಾಂತಿ ಯಾರಿಗಾಗಿ? ಸ್ನಾಯುಗಳು ಸುಧಾರಿಸಿಕೊಂಡರೆ ಆರೂ ದಿನದ ದುಡಿಮೆಗೆ ಲಾಭ. ಹಾಗಾಗಿ ವಿಶ್ರಾಂತಿಯ ಖರ್ಚನ್ನೂ ಇಬ್ಬರೂ ಹೊರಬೇಕು. ಪಾಲು ಆರರಲ್ಲಿ ಎರಡು, ಅಂದರೆ ಮೂರನೇ ಒಂದು: 2,600 ರೂಪಾಯಿ.

ಇದರ ಮೇಲೆ ದುಡಿಮೆಯ ಖರ್ಚು ಬೇರೆ. ನಿಂತ ಕುದುರೆಗೆ ಬೇಕಾದ ಶಕ್ತಿಗಿಂತ ಹಗುರ ಕೆಲಸಕ್ಕೆ ಸುಮಾರು ಶೇಕಡಾ 20, ಮಧ್ಯಮ ಕೆಲಸಕ್ಕೆ 40, ಭಾರದ ಕೆಲಸಕ್ಕೆ 60ರಷ್ಟು ಹೆಚ್ಚು ಬೇಕು. ಗಾಡಿ ಎಳೆಯುವುದಕ್ಕೆ 50 ಹಿಡಿಯೋಣ. ಮಾವನ ಒಂದು ದಿನಕ್ಕೆ 64 ರೂಪಾಯಿ, ತಿಂಗಳ 8 ದಿನಕ್ಕೆ 512. ಒಟ್ಟು 3,112.

ಈಗ ಮೂರು ಉತ್ತರ ಪಕ್ಕಪಕ್ಕ ಇಟ್ಟು ನೋಡಿ. ಅಜ್ಜನದು 1,024. ನಿಮಗೆಲ್ಲ ಅನ್ಯಾಯ ಎನಿಸಿದ ಅಪ್ಪನ ಅರ್ಧ 2,450. ನಿಜವಾದ ಖರ್ಚು 3,112. ಅಪ್ಪ ಲಾಭ ಕೇಳಿರಲಿಲ್ಲ, ನಷ್ಟಕ್ಕೇ ಕೇಳಿದ್ದರು.

ದುಡಿಮೆಗೆ ಬೆಲೆ ಕಟ್ಟುವ ಈ ತಲೆನೋವು ಹಳೆಯದು. 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಹಣ ಪಡೆಯುತ್ತಿದ್ದುದು ಹಳೆಯ ಯಂತ್ರಕ್ಕೆ ಹೋಲಿಸಿ ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲಾಗಿ. ಯಂತ್ರವೇ ಇಲ್ಲದೆ ಕುದುರೆಗಳನ್ನು ಗಾಣದ ಹಾಗೆ ತಿರುಗಿಸುವ ಗಿರಣಿಗೆ ಹೋದರೆ ಉಳಿಯಲು ಕಲ್ಲಿದ್ದಲೇ ಇರಲಿಲ್ಲ. ಆಗ "ಈ ಯಂತ್ರ ಎಷ್ಟು ಕುದುರೆಗೆ ಸಮ?" ಎಂದು ಹೇಳಬೇಕಾಯಿತು. ನಿಮ್ಮ ಪಂಪ್‌ಸೆಟ್ಟಿನ ಮೇಲೆ ಬರೆದ ಹಾರ್ಸ್‌ಪವರ್ ಹುಟ್ಟಿದ್ದು ಹೀಗೆ. ಒಂದು ಹಾರ್ಸ್‌ಪವರ್ ಸುಮಾರು 746 ವ್ಯಾಟ್.

ಮತ್ತೆ ಮಾವನ ಕಡೆ ಬರೋಣ. ರೊಕ್ಕ ತೀರಿದರೂ ಎರಡು ಮಾತು ಮೊದಲೇ ಆಗಿರಬೇಕು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅದರ ಜಠರ ಚಿಕ್ಕದು, ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಇರುವುದು ಹಿಂದಿನ ದೊಡ್ಡ ಕರುಳಿನಲ್ಲಿ. "ಇವತ್ತು ದುಡಿದೈತಿ" ಎಂದು ಮಾವ ಪ್ರೀತಿಯಿಂದ ಒಮ್ಮೆಲೇ ಎರಡು ಪಟ್ಟು ಕಾಳು ಹಾಕಿದರೆ ಹೊಟ್ಟೆಶೂಲೆ ಬಂದು ಕುದುರೆ ಸಾಯಲೂಬಹುದು. ಮೇವು ಎರಡೂ ಮನೆಯಲ್ಲಿ ಒಂದೇ ಇರಬೇಕು. ಹೆಚ್ಚಿಸುವುದಾದರೆ ಸ್ವಲ್ಪ ಸ್ವಲ್ಪವಾಗಿ.

ಇನ್ನೊಂದು, ಕೊಡುವಾಗ ಮತ್ತು ಮರಳಿ ಪಡೆಯುವಾಗ ನಾಡಿ ಎಣಿಸಿ ಬರೆದಿಡಬೇಕು. ಇದು ನಿಮ್ಮಂಥವರೇ ಮಾಡುವ ಕೆಲಸ. ದವಡೆ ಎಲುಬಿನ ಒಳಬದಿಗೆ ಬೆರಳಿಟ್ಟರೆ ಬಡಿತ ಸಿಗುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಬಂದು ಒಂದು ತಾಸಾದರೂ ನಾಡಿ ಇಳಿಯದಿದ್ದರೆ ಕುದುರೆಗೆ ಏನೋ ಆಗಿದೆ, ಡಾಕ್ಟರನ್ನು ಕರೆಯಬೇಕು. ತಾನಾಗಿ ಬಂದ ರೋಗದ ಖರ್ಚು ಅದೇ ಪಾಲಿನಂತೆ, ಅಪ್ಪನದು ಎರಡು, ಮಾವನದು ಒಂದು. ಅತಿಭಾರ ಹೇರಿ ಕಾಲು ಉಳುಕಿದರೆ ಯಾರ ದಿನವೋ ಅವರದೇ.

ಹುಡುಗಿ ಲೆಕ್ಕವನ್ನು ಮನೆಗೆ ಒಯ್ದಳು. 3,112 ತನ್ನಿಂದ ಆಗುವುದಿಲ್ಲ ಎಂದರಂತೆ ಮಾವ. ಆಗ ಅವ್ವ ಮೊದಲ ಸಲ ಬಾಯಿ ಬಿಟ್ಟಳಂತೆ: "ರೊಕ್ಕ ಬ್ಯಾಡ, ನನ್ನ ಕೆಲಸದಾಗ ನಿನ್ನ ಪಾಲು ನೀನ ಮಾಡು." ತನ್ನ ಎರಡು ದಿನ ಮತ್ತು ಮೂರು ಸೋಮವಾರಕ್ಕೊಂದು ಸೋಮವಾರ ಲದ್ದಿ, ನೀರು ಮಾವನದೇ. 2,400ರ ಮೂರನೇ ಒಂದು ಪಾಲು 800 ಕಳೆಯಿತು, ಉಳಿದದ್ದು 2,312. ಅಜ್ಜ ಮೇಲಿನ 12 ರೂಪಾಯಿ ಬಿಡಿಸಿದರಂತೆ.

ನಿಮಗೆ ಎರಡು ಪ್ರಶ್ನೆ. ಲದ್ದಿ ಗೊಬ್ಬರವೆಲ್ಲ ಅಪ್ಪನ ಹೊಲಕ್ಕೇ ಹೋಗುತ್ತದೆ, ಅದಕ್ಕೆ ಮಾವನ ಲೆಕ್ಕದಲ್ಲಿ ಎಷ್ಟು ಕಳೆಯಬೇಕು? ಮತ್ತೆ, ನಿಮ್ಮ ಓಣಿಯಲ್ಲಿ ಎರಡು ಮನೆಯವರು ಒಂದು ಜೋಡಿ ಎತ್ತನ್ನು ಹಂಚಿಕೊಂಡಿದ್ದರೆ ಹೋಗಿ ಕೇಳಿ: ಉಳುಮೆ ಇಲ್ಲದ ತಿಂಗಳುಗಳಲ್ಲಿ ಮೇವು ಹಾಕುವವರು ಯಾರು?