ಗಂಟೆಗೆ ಎಷ್ಟು ಎಕ್ಸ್‌ಪಿ?

ಪ್ರಶ್ನೆ: ಮೇಡಂ, ನನಗೆ 22 ವರ್ಷ. ಡಿಗ್ರಿ ಮುಗಿಸಿ ಮನೆಯ ತೆಂಗಿನ ತೋಟ ನೋಡಿಕೊಂಡಿದ್ದೇನೆ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಆಡುತ್ತೇನೆ. ಮೊದಲು ಅರಸೀಕೆರೆಯ ಗೆಳೆಯನ ಜೊತೆ ಆಟದೊಳಗೆ ಸುಮ್ಮನೆ ಊರೂರು ಸುತ್ತುತ್ತಿದ್ದೆ. ಈಗ ಗೈಡ್ ವಿಡಿಯೊ ನೋಡಿ, ಗಂಟೆಗೆ ಅತಿ ಹೆಚ್ಚು ಎಕ್ಸ್‌ಪಿ (ಅನುಭವದ ಅಂಕ) ಸಿಗುವ ದಾರಿಯನ್ನಷ್ಟೇ ಹಿಡಿದಿದ್ದೇನೆ. ಆಡದಿದ್ದರೆ ಹಿಂದೆ ಬಿದ್ದೆ ಅನಿಸುತ್ತದೆ, ಆಡಿದರೆ ಬೇಜಾರು. ಗೆಳೆಯ ಇನ್ನೂ ಆಟದೊಳಗಿನ ಕರಾಮ್ಜ ದ್ವೀಪದಲ್ಲಿ ಲಾಬ್‌ಸ್ಟರ್ ಹಿಡಿಯುತ್ತಾ ಕೂತಿರುತ್ತಾನೆ. ‘ಟೈಮ್ ವೇಸ್ಟ್ ಮಾಡ್ತೀಯ’ ಎಂದು ರೇಗಿದೆ. ಈಗ ಅವನು ಜೊತೆಗೆ ಬರುತ್ತಿಲ್ಲ. ಆಟ ಬಿಟ್ಟುಬಿಡಲೇ?
– ಹೆಸರು ಬೇಡ, ಕಣಕಟ್ಟೆ

ಉತ್ತರ: ಬಿಡುವ ಮಾತು ಆಮೇಲೆ. ಮೊದಲು ಗೆಳೆಯನಿಗೆ ಫೋನ್ ಮಾಡಿ, ರೇಗಿದ್ದಕ್ಕೆ ಕ್ಷಮೆ ಕೇಳಿ.

ಲೆಕ್ಕ ಹಾಕಿ ಆಡುವುದು ತಪ್ಪಲ್ಲ. ಯಾವ ಶತ್ರುವಿಗೆ ಯಾವ ಆಯುಧ ಎಂದು ನೀವೇ ತಡಕಾಡಿ ಕಂಡುಕೊಂಡ ದಿನದ ಖುಷಿಯೂ ಆಟದ ಖುಷಿಯೇ. ಆದರೆ ಈಗಿನ ಲೆಕ್ಕ ನಿಮ್ಮದಲ್ಲ. ಯಾರೋ ಎಷ್ಟೋ ಗಂಟೆ ಆಡಿ ಕಂಡುಕೊಂಡ ಉತ್ತರ ಅದು. ಹುಡುಕುವ ಸುಖ ಅವರಿಗಾಯಿತು, ಬೆರಳು ಒತ್ತುವ ಕೆಲಸ ನಿಮಗೆ ಉಳಿಯಿತು.

ಆ ಕೆಲಸವಾದರೂ ಸಣ್ಣದೇ? ಆಟದ ಒಂದು ಕಸುಬಿನಲ್ಲಿ (ಸ್ಕಿಲ್) 99ನೇ ಲೆವೆಲ್ ಮುಟ್ಟಲು 1,30,34,431 ಎಕ್ಸ್‌ಪಿ ಬೇಕು. 92ಕ್ಕೆ ಬಂದಾಗ ಆಗಿರುವುದು ಅದರಲ್ಲಿ ಅರ್ಧ ಮಾತ್ರ. ಆಟದ ಗಡಿಯಾರ 0.6 ಸೆಕೆಂಡಿಗೊಂದು ಟಿಕ್. ವೇಗದ ಕೆಲವು ವಿಧಾನಗಳಿಗೆ ಮೂರು ಟಿಕ್‌ಗೊಮ್ಮೆ, ಅಂದರೆ ಎರಡು ಸೆಕೆಂಡು ತುಂಬುವ ಮೊದಲೇ, ತಪ್ಪದೆ ಬೆರಳು ಆಡುತ್ತಿರಬೇಕು. ಹಗಲೆಲ್ಲ ತೋಟದಲ್ಲಿ ದುಡಿದ ಕೈಗೆ ರಾತ್ರಿಯೂ ಇನ್ನೊಂದು ಪಾಳಿ. ಬೇಜಾರಾಗದೆ ಇನ್ನೇನಾದೀತು!

ಇನ್ನು ಗೆಳೆಯನ ‘ಟೈಮ್ ವೇಸ್ಟ್’ ವಿಷಯ. 2013ರಲ್ಲಿ ಜ್ಯಾಗೆಕ್ಸ್ ಸಂಸ್ಥೆ ಆಟಗಾರರ ಮತ ಕೇಳಿ, 2007ರ ಹಳೆಯ ರೂನ್‌ಸ್ಕೇಪನ್ನು ಮರಳಿ ತಂದದ್ದರಿಂದ ಈ ಆಟ ಹುಟ್ಟಿತು. ಹೊಸ ರೂಪ ಕೈಯಲ್ಲೇ ಇದ್ದರೂ ಜನ ಆ ಹಳೆಯದನ್ನು ಬೇಡಿದರು. ನಿಮ್ಮ ಗೆಳೆಯ ಲಾಬ್‌ಸ್ಟರ್ ಪಂಜರ ಬಿಟ್ಟುಕೊಂಡು ಕೂತಿರುವುದು ಆ ಹಳೆಯ ಆಟದಲ್ಲೇ. ಅವನಿಗೆ ಆಡಲು ಬರುವುದಿಲ್ಲ ಎಂದು ನನಗಂತೂ ಅನಿಸುವುದಿಲ್ಲ.

ಒಂದು ತಿಂಗಳು ಹೀಗೆ ಮಾಡಿ ನೋಡಿ. ಎಕ್ಸ್‌ಪಿ ತೋರಿಸುವ ಅಂಕಿಯನ್ನು ಸೆಟ್ಟಿಂಗ್ಸ್‌ನಲ್ಲಿ ಮರೆಮಾಡಿ. ನಿಮಗೆ ಏನೂ ಗೊತ್ತಿಲ್ಲದ ಒಂದು ಕಸುಬನ್ನು ಗೈಡ್ ಇಲ್ಲದೆ ಶುರುಮಾಡಿ, ತಪ್ಪು ದಾರಿಗಳನ್ನೂ ತುಳಿಯಿರಿ. ನಾಲ್ಕು ಜನ ಸೇರಿ ದೊಡ್ಡ ಬಾಸ್ ಶತ್ರುವನ್ನು ಹೊಡೆಯುವಾಗ ಮಾತ್ರ ಗೈಡ್ ನೋಡಿಕೊಂಡೇ ಹೋಗಿ, ಅಲ್ಲಿ ಒಬ್ಬರ ಎಡವಟ್ಟಿಗೆ ಎಲ್ಲರ ರಾತ್ರಿ ಹಾಳಾಗುತ್ತದೆ. ವಾರಕ್ಕೆ ಒಂದೆರಡು ರಾತ್ರಿ ಎಲ್ಲಿಗೆ ಹೋಗಬೇಕೆಂದು ಗೆಳೆಯನೇ ಹೇಳಲಿ.

ಆಗಲೂ ಬೇಜಾರೇ ಎಂದರೆ ಬಿಡಿ, ಗಳಿಸಿದ ಲೆವೆಲ್ ದಂಡವಾಯಿತೆಂದು ಕೊರಗಬೇಡಿ. ಬಿಡಬೇಕೆಂದರೂ ಬಿಡಲಾಗದೆ ನಿದ್ದೆ ಕೆಡುತ್ತಿದ್ದರೆ 14416ಕ್ಕೆ ಕರೆಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.